ಶುಕ್ರವಾರ ಉಜ್ಜಿದ ನೀಲಿ ಕಾರ್ಡು

ಏಪ್ರಿಲ್ 7, ಸೋಮವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಬ್ಯಾಂಕುಗಳ ಪರವಾಗಿ ಕ್ರೆಡಿಟ್ ಕಾರ್ಡು ಮಾಡಿಸಿಕೊಡುವ ಏಜೆಂಟರೊಬ್ಬರು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದ ಹೊತ್ತು ಅದು. ದಿನಚರಿಯಲ್ಲಿ ಹಾಗೇ ಬರೆದಿದ್ದೇನೆ.

ಚನ್ನಗಿರಿಯ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನ ಸೋದರತ್ತೆ ಶಾಲಾ ಸಮವಸ್ತ್ರ ಹೊಲಿಸುವ ಅಂಗಡಿ ಇಟ್ಟಿದ್ದಾರೆ. ಆರು ಹೊಲಿಗೆ ಯಂತ್ರ, ಆರು ಜನ ಹೆಂಗಸರು, ಬಟ್ಟೆ ಕತ್ತರಿಸಲು ಒಬ್ಬ ಮಾಸ್ತರು, ಲೆಕ್ಕಕ್ಕೆ ನಾನು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಊರುಗಳ ಒಂದೊಂದು ಶಾಲೆ ನಮ್ಮ ಗಿರಾಕಿ.

ಏಜೆಂಟರು ಮೂರು ಬಣ್ಣದ ಕಾಗದ ಮೇಜಿನ ಮೇಲೆ ಹರಡಿದರು. "ಬಿಸಿನೆಸ್ ಕಾರ್ಡ್ ಮೇಡಂ. ತಗಂಡ್ರೆ ಸಾಕು, ಮೂವತ್ತು ಸಾವಿರ ಬೋನಸ್ಸು, ಪೂರಾ ಫ್ರೀ."

ಅತ್ತೆ ಕನ್ನಡಕ ಮೇಲೆತ್ತಿದರು. "ಫ್ರೀ ಊಟ ಹಾಕಾಕೆ ಮಠ ಐತೆ. ನಿಮ್ ಬ್ಯಾಂಕಿಗೆ ಏನು ಬಂದೈತಪ್ಪ?"

ಇನ್ನೊಂದು ದಿನವಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ವಾರ ನಮ್ಮಿಬ್ಬರ ತಲೆಯಲ್ಲೂ ಒಂದೇ ಮೊತ್ತ ಕುಳಿತಿತ್ತು: ಎಂಟು ಸಾವಿರ ರೂಪಾಯಿ.

ಅಂಗಿಯ ಗುಂಡಿ ತೂರಿಸುವ ರಂಧ್ರಕ್ಕೆ ನಮ್ಮ ಕಸುಬಿನಲ್ಲಿ ಕಾಜಾ ಎನ್ನುತ್ತೇವೆ. ಅದನ್ನು ಹೊಲಿಯಲು ಬೇರೆಯದೇ ಯಂತ್ರ ಬೇಕು. ಅದು ನಮ್ಮಲ್ಲಿರಲಿಲ್ಲ. ಅಂಗಿಗಳನ್ನು ಮೂಟೆ ಕಟ್ಟಿ ದಾವಣಗೆರೆಗೆ ಕಳಿಸಿ ಕಾಜಾ ಹಾಕಿಸಿಕೊಂಡು ಬರಬೇಕಿತ್ತು. ಹಿಂದಿನ ವರ್ಷ ಆ ಮೂಟೆ ಹನ್ನೊಂದು ದಿನ ಅಲ್ಲೇ ಬಿದ್ದುಕೊಂಡು, ಜಗಳೂರಿನ ಮಕ್ಕಳು ಶಾಲೆ ಶುರುವಾದ ದಿನ ಬಣ್ಣದ ಬಟ್ಟೆಯಲ್ಲಿ ಸಾಲಾಗಿ ನಿಂತಿದ್ದರು. ಈ ಸಲದ ಆರ್ಡರು ಕೊಡುವಾಗ ಅಲ್ಲಿನ ಹೆಡ್ಮಿಸ್ಸು ಅತ್ತೆಗೆ ಖಡಾಖಂಡಿತವಾಗಿ ಹೇಳಿದ್ದರು: "ಈ ವರ್ಷ ಹೆಂಗೋ ನಡೀಲಿ. ಮುಂದಿನ ವರ್ಷಕ್ಕೆ ಕಾಜಾ ನಿಮ್ಮಲ್ಲೇ ಆಗ್ಬೇಕ್ರಿ. ಇಲ್ಲಾಂದ್ರೆ ಆರ್ಡರು ಬೇರೆಯೋರಿಗೆ." ಅದು ನಮ್ಮ ನಾಲ್ಕು ಶಾಲೆಗಳಲ್ಲಿ ದೊಡ್ಡದು. ಅದು ಹೋದರೆ ಆರು ಯಂತ್ರಗಳಲ್ಲಿ ಎರಡು ನಿಲ್ಲುತ್ತವೆ, ಇಬ್ಬರು ಹೆಂಗಸರಿಗೆ ಕೆಲಸವಿರುವುದಿಲ್ಲ.

ನ್ಯಾಮತಿಯಲ್ಲಿ ಹಿರಿಯ ದರ್ಜಿಯೊಬ್ಬರು ಕಣ್ಣು ಮಂಜಾಗಿ ಅಂಗಡಿ ಮುಚ್ಚುವವರಿದ್ದರು. ಅವರ ಕಾಜಾ ಯಂತ್ರಕ್ಕೆ ಇಪ್ಪತ್ನಾಲ್ಕು ಸಾವಿರ ಹೇಳಿ, ಗಣೇಶ ಚೌತಿಯವರೆಗೆ ಬೇರೆಯವರಿಗೆ ಕೊಡುವುದಿಲ್ಲ ಎಂದು ಅತ್ತೆಗೆ ಮಾತು ಕೊಟ್ಟಿದ್ದರು. ಅತ್ತೆ ಹದಿನಾರು ಸಾವಿರ ಎತ್ತಿಟ್ಟಿದ್ದರು. ಉಳಿದ ಎಂಟು ಸಾವಿರಕ್ಕೆ ಸಾಲ ಮಾಡುವುದಿಲ್ಲ ಎಂಬುದು ಅವರ ಹಟ.

"ಕಾಗದ ಇಟ್ಟು ಹೋಗ್ರಿ, ನೋಡಿ ಹೇಳ್ತೀನಿ," ಎಂದು ಏಜೆಂಟರಿಗೆ ಹೇಳಿದೆ.

"ನಾಳೆ ಬರ್ಲಾ ಮೇಡಂ? ಫೀಸು ನಾಳೆನೇ ಕಟ್ಟಿದ್ರೆ..."

"ನಾಳೆ ಮಂಗಳವಾರ," ಎಂದರು ಅತ್ತೆ. "ಮಂಗಳವಾರ, ಶುಕ್ರವಾರ ನಮ್ಮ ಗಲ್ಲಾದಿಂದ ಲಕ್ಷ್ಮಿ ಹೊರಗೆ ಹೋಗಲ್ಲ. ಬರೋದಾದ್ರೆ ಬರ್ಲಿ."

ಇದು ಅತ್ತೆ ಅಂಗಡಿ ತೆರೆದಾಗಿನಿಂದ ಇರುವ ಕಟ್ಟಳೆ. ನೂಲಿನ ಉಂಡೆ ತೀರಿದರೂ ಶುಕ್ರವಾರ ಕೊಳ್ಳುವುದಿಲ್ಲ. ಹೆಂಗಸರ ವಾರದ ಬಟವಾಡೆ ಶನಿವಾರವೇ.

ಎರಡು ದಿನ ಆ ಮೂರು ಕಾಗದಗಳ ಸಣ್ಣಕ್ಷರ ಓದಿದೆ. ಅರ್ಥವಾಗದ್ದನ್ನು ಬ್ಯಾಂಕುಗಳ ಸಹಾಯವಾಣಿಗೆ ಕೇಳಿದೆ. ಕಪ್ಪು ಕಾರ್ಡಿನ ಮೂವತ್ತು ಸಾವಿರ ರೂಪಾಯಿಯಲ್ಲ, ಪಾಯಿಂಟು. ವಿಮಾನದ ಟಿಕೆಟಿಗೆ ಬಳಸಿದರೆ ಒಂದು ಪಾಯಿಂಟಿಗೆ ಒಂದು ರೂಪಾಯಿ. ಹಣವಾಗಿ ಬೇಕೆಂದರೆ ಮೂವತ್ತು ಪೈಸೆ. ಅಂದರೆ ಒಂಬತ್ತು ಸಾವಿರ. ಅದರ ವಾರ್ಷಿಕ ಶುಲ್ಕ ಹತ್ತು ಸಾವಿರ, ಮೇಲೆ ಶೇಕಡಾ ಹದಿನೆಂಟು ತೆರಿಗೆ, ಒಟ್ಟು 11,800. ಬೋನಸ್ ಬಂದರೂ ಕೈಯಿಂದ 2,800 ಹೋಗುತ್ತದೆ. ಅಷ್ಟಕ್ಕೆ ತೊಂಬತ್ತು ದಿನದಲ್ಲಿ ನಾಲ್ಕು ಲಕ್ಷ ಖರ್ಚು ಮಾಡಬೇಕು. ಶಿವಮೊಗ್ಗದಿಂದ ವಿಮಾನ ಇದೆಯಲ್ಲ ಎಂದು ಮಾಸ್ತರು ನೆನಪಿಸಿದರು.

"ವಿಮಾನದಾಗೆ ಕುಂತು ಯಾವ ಶಾಲೆಗೆ ಚಡ್ಡಿ ಕೊಡಾಕೆ ಹೋಗ್ಲಿ ಮಾಸ್ತರೇ?" ಎಂದರು ಅತ್ತೆ. ಕಪ್ಪು ಕಾಗದ ಕಾಜಾ ಮೂಟೆಗೆ ಅಡಿಹಾಸಾಯಿತು.

ಹಸಿರು ಕಾರ್ಡಿಗೆ ಶುಲ್ಕವಿಲ್ಲ. ಬೋನಸ್ಸು ಎರಡು ಸಾವಿರದ ಕೂಪನ್ನು, ಅದೂ ಅವರು ಹೇಳಿದ ಜಾಲತಾಣದಲ್ಲೇ ಬಳಸಬೇಕು. ನ್ಯಾಮತಿಯ ದರ್ಜಿ ಕೂಪನ್ನು ತೆಗೆದುಕೊಳ್ಳುವುದಿಲ್ಲ.

ಉಳಿದದ್ದು ನೀಲಿ. ಅರವತ್ತು ದಿನದಲ್ಲಿ ಒಂದೂವರೆ ಲಕ್ಷ ಖರ್ಚು ಮಾಡಿದರೆ ಹತ್ತು ಸಾವಿರ ರೂಪಾಯಿ ಬಿಲ್ಲಿನಲ್ಲೇ ಕಡಿತ. ಶುಲ್ಕ ತೆರಿಗೆ ಸೇರಿ 1,180. ಕೈಗೆ ಉಳಿಯುವುದು 8,820. ನಮಗೆ ಬೇಕಾದದ್ದು ಎಂಟು ಸಾವಿರ. ನನಗಿದ್ದ ಅಂಚು ಎಂಟುನೂರಾ ಇಪ್ಪತ್ತು ರೂಪಾಯಿ.

ಮಾಸ್ತರು ಇಣುಕಿ ನೋಡಿ, "ಅಂಗಿ ಮಡಿಕೆಗೆ ಬಿಡೋ ಬಟ್ಟೆಗಿಂತ ಕಡಿಮೆ ಐತಲ್ಲಮ್ಮ," ಎಂದರು.

ಆ ಅಂಚನ್ನು ನುಂಗುವುದು ಯಾವುದೆಂದು ನನಗೆ ಗೊತ್ತಿತ್ತು. ದಾವಣಗೆರೆಯಲ್ಲಿ ನಮಗೆ ಬಟ್ಟೆ ಕೊಡುವ ಸಗಟು ವ್ಯಾಪಾರಿ ಕಾರ್ಡು ಉಜ್ಜಿದರೆ ಶೇಕಡಾ ಎರಡು ಮೇಲೆ ಹಾಕುತ್ತಾರೆ. ಎಪ್ಪತ್ತು ಸಾವಿರದ ಬಟ್ಟೆಗೆ ಅದೇ ಸಾವಿರದ ನಾನೂರು. ಹಾಗಾಗಿ ಕಾರ್ಡಿಗೆ ಅರ್ಜಿ ಹಾಕುವ ಮೊದಲು, ಏಪ್ರಿಲ್ 9ರ ಬುಧವಾರ, ಅವರ ಗದ್ದಿಗೆಯ ಮುಂದೆ ಕುಳಿತೆ.

"ಎರಡು ಪರ್ಸೆಂಟು ಬ್ಯಾಂಕಿನೋರು ನನ್ ಹತ್ರ ಕಿತ್ಕಂತಾರಮ್ಮಾ. ನಾನೇನು ನಮ್ಮನೆಯಿಂದ ತಂದು ಕೊಡ್ಲಾ?" ಎಂದರು ಅವರು.

"ಅಣ್ಣಾ, ನಾವು ಬಿಲ್ಲು ತೀರಿಸಾಕೆ ಎಷ್ಟು ದಿನ ತಗಂತೀವಿ?"

"ನಿಮ್ ಅತ್ತೆನಾ? ನಲವತ್ತು ದಿನ. ಒಳ್ಳೆ ಹೆಣ್ಮಗಳು, ಆದ್ರೆ ನಲವತ್ತು ದಿನ."

"ಕಾರ್ಡಿಗೆ ನಿಮ್ಮ ದುಡ್ಡು ಮಾರನೇ ದಿನ ಬರ್ತೈತಿ. ನಲವತ್ತು ದಿನ ಮೊದಲೇ ಬರೋ ದುಡ್ಡಿಗೆ ಎರಡು ಪರ್ಸೆಂಟು ಜಾಸ್ತಿನಾ ಕಡಿಮೆನಾ, ನೀವೇ ಹೇಳ್ರಿ."

ಅವರು ಕ್ಯಾಲ್ಕ್ಯುಲೇಟರ್ ಒತ್ತಲಿಲ್ಲ. ಮೇಲಿನ ಫ್ಯಾನು ನೋಡಿದರು. "ಅತ್ತೆಗಿಂತ ಸೊಸೆ ಜೋರು," ಎಂದು ಗುಮಾಸ್ತರಿಗೆ ಹೇಳಿದರು. ಮೇಲೆ ಹಾಕುವ ಎರಡು ಪರ್ಸೆಂಟು ಬಿಟ್ಟರು. ನಾನು ಸೊಸೆಯಲ್ಲ, ಅಣ್ಣನ ಮಗಳು ಎಂದು ತಿದ್ದಲು ಹೋಗಲಿಲ್ಲ. ನನ್ನ ಕೆಲಸದಲ್ಲಿ ನಾನೇ ಚೌಕಾಸಿ ಮಾಡಿ ಗೆದ್ದದ್ದು ಅದೇ ಮೊದಲು. ಬಸ್ಸಿನಲ್ಲಿ ಚನ್ನಗಿರಿಯವರೆಗೂ ನಿಂತೇ ಬಂದೆ, ಕಾಲು ನೋಯಲಿಲ್ಲ.

ಏಪ್ರಿಲ್ 10, ಗುರುವಾರ, ಅರ್ಜಿ ಹಾಕಿದೆವು. ಏಪ್ರಿಲ್ 24ರಂದು ಕೊರಿಯರಿನಲ್ಲಿ ಕಾರ್ಡು ಬಂತು. "ಕಾರ್ಡ್ ಬಂದ ಮೇಲೆ ಅರವತ್ತು ದಿನ" ಎಂದು ಏಜೆಂಟರು ಹೇಳಿದ್ದರಿಂದ ಕೊನೆಯ ದಿನ ಜೂನ್ 22 ಎಂದು ಕ್ಯಾಲೆಂಡರಿನಲ್ಲಿ ಗೆರೆ ಎಳೆದೆ.

ಅಲ್ಲಿಂದ ಮುಂದೆ ಕೆಲಸ ನಿಧಾನದ್ದು, ಸಣ್ಣದ್ದು. ನಾನಿಟ್ಟುಕೊಂಡ ನಿಯಮ ಒಂದೇ: ಕಾರ್ಡು ಇಲ್ಲದಿದ್ದರೂ ಕೊಳ್ಳುತ್ತಿದ್ದ ಸರಕನ್ನು ಮಾತ್ರ ಕಾರ್ಡಿನಲ್ಲಿ ಕೊಳ್ಳಬೇಕು. ಹೊನ್ನಾಳಿಯ ಅಂಗಡಿಯಲ್ಲಿ ನೂಲು, ಗುಂಡಿ, ಜಿಪ್ಪು 18,400. ಟೈ, ಬೆಲ್ಟು, ಕಾಲುಚೀಲ ಅಂತರ್ಜಾಲದ ಸಗಟು ಮಾರಾಟಗಾರರಿಂದ 36,600. ದಾವಣಗೆರೆಯ ಬಟ್ಟೆ 71,600. ಶಾಲೆಗಳಿಗೆ ಸರಕು ಒಯ್ಯಲು ಗೊತ್ತುಮಾಡುವ ವ್ಯಾನಿನ ಡೀಸೆಲ್ಲು, ಅಂಗಡಿಯ ಬಾಡಿಗೆ ಬೋನಸ್ಸಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ಸಣ್ಣಕ್ಷರದಲ್ಲಿತ್ತು, ಅವನ್ನು ನಗದಿನಲ್ಲೇ ಕೊಟ್ಟೆ. ಪ್ರತಿ ಬಿಲ್ಲಿಗೂ ಅಷ್ಟೇ ಮೊತ್ತವನ್ನು ಬ್ಯಾಂಕಿನ ಬೇರೆ ಖಾತೆಗೆ ಆಗಿಂದಾಗಲೇ ಹಾಕಿ ಇಟ್ಟೆ. ಗಡುವು ದಾಟಿದರೆ ತಿಂಗಳಿಗೆ ಶೇಕಡಾ ಮೂರೂವರೆಯಂತೆ ಬಡ್ಡಿ. ಒಂದು ಸಲ ತಪ್ಪಿದರೂ ನನ್ನ ಅಂಚು ಹಾರಿಹೋಗುತ್ತಿತ್ತು.

ಮೇ ಕೊನೆಗೆ 1,26,600 ಆಗಿತ್ತು. ಉಳಿದದ್ದಕ್ಕೆ ಜೂನ್ 19ರಂದು ಕಾಲುಚೀಲದ ಎರಡನೇ ಕಂತು ಬರುವುದಿತ್ತು. ನೆಮ್ಮದಿಯಾಗಿದ್ದೆ.

ಜೂನ್ ಮೊದಲ ವಾರದಲ್ಲಿ ಜಗಳೂರಿನ ಲಂಗದ ಚೌಕುಳಿ ಬಟ್ಟೆಯ ಒಂದು ಕಂತು ಬೇರೆ ಛಾಯೆಯದು ಎಂದು ಮಾಸ್ತರು ಬಿಸಿಲಿಗೆ ಹಿಡಿದು ಕಂಡುಹಿಡಿದರು. ವ್ಯಾಪಾರಿ ಮಾತಿಲ್ಲದೆ ವಾಪಸ್ ತೆಗೆದುಕೊಂಡು ಬದಲಿಗೆ ಕಾರ್ಡಿಗೆ 14,600 ಮರಳಿಸಿದರು. ಸರಿಯಾದ ಛಾಯೆಯ ಬಟ್ಟೆ ನಮ್ಮ ಕಪಾಟಿನಲ್ಲೇ ಸಿಕ್ಕಿತು. ಮರಳಿ ಬಂದ ಹಣ ಬೋನಸ್ಸಿನ ಮೊತ್ತದಿಂದ ಕಳೆದುಹೋಗುತ್ತದೆಯೇ ಎಂಬ ಅನುಮಾನ ಬಂದು ಜೂನ್ 11ರ ಬುಧವಾರ ಸಂಜೆ ಸಹಾಯವಾಣಿಗೆ ಫೋನು ಮಾಡಿದೆ.

"ಹೌದು ಮೇಡಂ, ಕಳೆಯುತ್ತೆ," ಎಂದಿತು ಆ ಕಡೆಯ ದನಿ. "ಈಗ ನಿಮ್ಮ ಮೊತ್ತ ಒಂದು ಲಕ್ಷದ ಹನ್ನೆರಡು ಸಾವಿರ. ಕೊನೆಯ ದಿನ ಜೂನ್ ಹದಿಮೂರು."

"ಇಪ್ಪತ್ತೆರಡು ಅಲ್ವಾ?"

"ಇಲ್ಲ ಮೇಡಂ, ಕಾರ್ಡು ಮಂಜೂರಾದ ದಿನದಿಂದ ಅರವತ್ತು. ನಿಮ್ಮದು ಏಪ್ರಿಲ್ ಹದಿನೈದಕ್ಕೆ ಮಂಜೂರಾಗಿದೆ. ಮೆಸೇಜ್ ಬಂದಿರುತ್ತೆ."

ಬಂದಿತ್ತು, ಅತ್ತೆಯ ಫೋನಿಗೆ. ಅಭಿನಂದನೆಗಳು ಎಂದು ಶುರುವಾಗುವ ಮೆಸೇಜೆಲ್ಲ ಮೋಸದ್ದು ಎಂದು ನಾನೇ ಅವರಿಗೆ ಕಲಿಸಿದ್ದೆ. ಅವರು ಓದದೆ ಅಳಿಸಿದ್ದರು.

ಕೈಯಲ್ಲಿ ಎರಡು ದಿನ, ಉಳಿದದ್ದು ಮೂವತ್ತೆಂಟು ಸಾವಿರ, ಎರಡನೆಯ ದಿನ ಶುಕ್ರವಾರ.

ಬೀದಿಯ ಕೊನೆಯಲ್ಲಿ ಮೊಬೈಲ್ ಅಂಗಡಿಯವರೊಬ್ಬರಿದ್ದಾರೆ. ರೀಚಾರ್ಜಿಗೆ ಹೋದಾಗ ನನ್ನ ಮುಖ ನೋಡಿ ಏನೆಂದು ಕೇಳಿದರು, ಹೇಳಿದೆ. "ಅಷ್ಟಕ್ಕೆ ಯಾಕೆ ಮುಖ ಹುಳ್ಳಗೆ ಮಾಡ್ಕಂಡೀಯಾ ತಂಗಿ? ನನ್ ಮಶೀನಿನಾಗೆ ಮೂವತ್ತೆಂಟು ಉಜ್ಜು. ಒಂದು ಪರ್ಸೆಂಟು ಹಿಡ್ಕಂಡು ಉಳಿದಿದ್ದು ಕ್ಯಾಶು ಕೊಡ್ತೀನಿ. ಫೋನು ತಗಂಡಂಗೆ ಬಿಲ್ಲೂ ಹರಿದು ಕೊಡ್ತೀನಿ."

ಒಂದು ಪರ್ಸೆಂಟು ಅಂದರೆ ಮುನ್ನೂರಾ ಎಂಬತ್ತು. ನನ್ನ ಅಂಚಿನೊಳಗೇ ಇತ್ತು. ಆದರೆ ಕೊಳ್ಳದ ಫೋನಿನ ಬಿಲ್ಲು ಅತ್ತೆಯ ಜಿಎಸ್‌ಟಿ ಸಂಖ್ಯೆಯ ಮೇಲೆ ಹೋಗುತ್ತಿತ್ತು. ಸುಳ್ಳು ಖರೀದಿ ಕಂಡರೆ ಬೋನಸ್ಸು ರದ್ದು ಎಂದು ಸಣ್ಣಕ್ಷರದಲ್ಲಿಯೂ ಇತ್ತು. ಅದೆಲ್ಲಕ್ಕಿಂತ, ಎರಡು ತಿಂಗಳು ಒಂದೊಂದು ಬಿಲ್ಲನ್ನೂ ನಿಜವಾಗಿ ಕೂಡಿಸಿಕೊಂಡು ಬಂದವಳಿಗೆ ಕೊನೆಯದನ್ನು ಸುಳ್ಳಾಗಿ ಸೇರಿಸಲು ಮನಸ್ಸು ಬರಲಿಲ್ಲ.

"ಬ್ಯಾಡಣ್ಣ. ಐವತ್ತು ರೂಪಾಯಿದು ರೀಚಾರ್ಜ್ ಅಷ್ಟೇ ಮಾಡ್ರಿ," ಎಂದೆ.

ಆ ಸಂಜೆ ಹಿಂದಿನ ವರ್ಷದ ಖರೀದಿಯನ್ನೆಲ್ಲ ತಿಂಗಳುವಾರು ಮನಸ್ಸಿನಲ್ಲಿ ತಿರುವಿಹಾಕಿದೆ. ಮುಂದೆ ಹೇಗೂ ಕೊಳ್ಳಲೇಬೇಕಾದದ್ದು ಏನಿದೆ? ಕಾಲುಚೀಲದ ಕಂತು ಹತ್ತೊಂಬತ್ತಕ್ಕೆ ಮೊದಲು ಸಿಗುವುದಿಲ್ಲ. ಚೌಕುಳಿ ಬಟ್ಟೆ ತಂದಿಟ್ಟರೆ ಶಾಲೆಯವರು ಬಣ್ಣ ಬದಲಿಸಿದಾಗ ಕಪಾಟಿನಲ್ಲೇ ಕೊಳೆಯುತ್ತದೆ. ಮಾಸ್ತರು ಕತ್ತರಿ ಒರೆಸುತ್ತಾ, ಬಿಳಿ ನೂಲು ಮುಗಿದಿದೆ ಎಂದು ಬೇರೇನನ್ನೋ ಹೇಳುತ್ತಿದ್ದರು. ಆಗ ಹೊಳೆಯಿತು. ಆಗಸ್ಟ್ ಹದಿನೈದು! ಕವಾಯತಿಗೆ ಎಲ್ಲ ಶಾಲೆಯವರೂ ಬಿಳಿ ಉಡುಪು ಹೊಲಿಸುತ್ತಾರೆ. ಪ್ರತಿ ವರ್ಷ ಜುಲೈ ನಡುವೆ ಬಿಳಿ ಬಟ್ಟೆ ತರುತ್ತೇವೆ. ಬಿಳಿ ಯಾವ ಶಾಲೆಯಲ್ಲೂ ಬದಲಾಗುವುದಿಲ್ಲ.

ಗುರುವಾರ ಬೆಳಿಗ್ಗೆ ನಾಲ್ಕೂ ಶಾಲೆಗೆ ಫೋನು ಮಾಡಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯವರು ಆಗಲೇ ಸಂಖ್ಯೆ ಕೊಟ್ಟರು. ಜಗಳೂರಿನ ಹೆಡ್ಮಿಸ್ಸು ಮಾತ್ರ, "ಕಾಜಾ ಮಶೀನ್ ಬಂತೇನ್ರಿ?" ಎಂದು ಕೇಳಿದರು.

"ಬರ್ತೈತಿ ಮಿಸ್."

"ಬಂದ್ಮೇಲೆ ಹೇಳ್ರಿ, ಬಿಳಿ ಕೊಡ್ತೀನಿ."

ಮೂರು ಶಾಲೆಯ ಸಂಖ್ಯೆಗೇ 38,300 ರೂಪಾಯಿಯ ಬಟ್ಟೆ ಬೇಕಾಗುತ್ತಿತ್ತು. ಮಧ್ಯಾಹ್ನ ದಾವಣಗೆರೆಯಲ್ಲಿದ್ದೆ. ಬಿಳಿ ಬಟ್ಟೆಯ ಸುರುಳಿ, ಅಂದರೆ ಥಾನು, ಆರಿಸಿ, ಅಳೆಸಿ, ಬಿಲ್ಲು ಬರೆಸಿದೆ. ಕಾರ್ಡು ಉಜ್ಜಿದರೆ ಯಂತ್ರದ ಪರದೆಯಲ್ಲಿ ಚಕ್ರ ಗಿರಗಿರ ತಿರುಗುತ್ತಲೇ ಇತ್ತು, ನೆಟ್‌ವರ್ಕ್ ಇರಲಿಲ್ಲ. ಮೂರು ಸಲ ನೋಡಿದೆವು. ಆ ಬೀದಿಯ ಎಲ್ಲ ಯಂತ್ರಗಳದ್ದೂ ಅದೇ ಗತಿಯಂತೆ. "ನಾಳೆ ಬಾರಮ್ಮಾ, ಥಾನು ನಿನ್ ಹೆಸರಿನಾಗೆ ಇಟ್ಟಿರ್ತೀನಿ," ಎಂದರು ವ್ಯಾಪಾರಿ.

ನಾಳೆ ಎಂದರೆ ಶುಕ್ರವಾರ.

ಸಂಜೆ ಅಂಗಡಿಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರಿಗೆ ಹೇಳದೆ ಉಜ್ಜಬಹುದಿತ್ತು, ಕಾರ್ಡು ನನ್ನ ಕೈಯಲ್ಲೇ ಇತ್ತು. ಆದರೆ ಕಟ್ಟಳೆ ಅವರದು, ಅಂಗಡಿ ಅವರದು. "ನೀವು ಹೂಂ ಅಂದ್ರೆ ಹೋಗ್ತೀನಿ. ಉಹೂಂ ಅಂದ್ರೆ ಇಲ್ಲಿಗೇ ಬಿಡಾಣ," ಎಂದೆ.

ಅತ್ತೆ ಗಲ್ಲಾಪೆಟ್ಟಿಗೆಯ ಮೇಲಿನ ಲಕ್ಷ್ಮಿ ಪಟ ನೋಡಿದರು.

"ಅಮ್ಮಾ, ಕಾರ್ಡು ಉಜ್ಜಿದ್ರೆ ಹೋಗೋದು ಬ್ಯಾಂಕಿನೋರ ಮನೆ ಲಕ್ಷ್ಮಿ," ಎಂದರು ಮಾಸ್ತರು. "ನಮ್ ಲಕ್ಷ್ಮಿ ಇಲ್ಲೇ ಕುಂತಿರ್ತಾಳೆ."

"ಅವರ ಮನೆದು ಹೋದ್ರೆ ನಮಗೆ ಪಾಪ ಇಲ್ವಾ? ಸುಮ್ನಿರ್ರಿ ಮಾಸ್ತರೇ," ಎಂದು ಗದರಿ, ನನ್ನ ಕಡೆ ತಿರುಗಿದರು. "ನಮ್ ದುಡ್ಡು ಯಾವತ್ತು ಹೋಗ್ತೈತೆ?"

"ಜುಲೈ ಏಳಕ್ಕೆ."

"ವಾರ?"

"ಸೋಮವಾರ ಅತ್ತೆ."

"ಸೋಮವಾರ..." ಅವರ ಮುಖ ಸ್ವಲ್ಪ ಸಡಿಲವಾಯಿತು. "ಒಂದು ಮಾತು. ನಾಳೆ ಮೊದಲು ನಮ್ ಗಲ್ಲಾಕ್ಕೆ ಏನಾರ ಬರ್ಬೇಕು. ಎಷ್ಟಾರ ಆಗ್ಲಿ. ಬಂದ ಮೇಲೆ ನಾನು ಫೋನ್ ಮಾಡ್ತೀನಿ, ಆಗ ಉಜ್ಜು. ಬರ್ಲಿಲ್ಲ ಅಂದ್ರೆ ವಾಪಸ್ ಬಾ. ಮಶೀನೂ ಬ್ಯಾಡ, ಬೋನಸ್ಸೂ ಬ್ಯಾಡ."

"ಯಾರ ಹತ್ರನಾದ್ರೂ ಒಂದು ರೂಪಾಯಿ ಇಸ್ಕಳ್ರಿ," ಎಂದರು ಮಾಸ್ತರು.

"ಕೇಳಿ ಇಸ್ಕಂಡಿದ್ದು ಬಂದಂಗಾ? ತಾನಾಗೇ ಬರ್ಬೇಕು."

ಜೂನ್ 13. ಸರ್ಕಾರಿ ಬಸ್ಸಿಗೆ ಕಾದು ಹೊರಟೆ, ಟಿಕೆಟ್ಟಿನ ಖರ್ಚು ಉಳಿಯಲಿ ಎಂದು. ಹತ್ತಕ್ಕೆ ದಾವಣಗೆರೆಯ ಅಂಗಡಿಯಲ್ಲಿ ಬಿಳಿ ಥಾನುಗಳ ಪಕ್ಕ ಕುಳಿತೆ. ಯಂತ್ರ ಸರಿಯಾಗಿತ್ತು. "ಉಜ್ಜಮ್ಮಾ," ಎಂದರು ವ್ಯಾಪಾರಿ.

"ತಡೀರಣ್ಣಾ, ಲಕ್ಷ್ಮಿ ಬರ್ಬೇಕು."

ಅವರು ಯಾವ ಲಕ್ಷ್ಮಿ, ಎಲ್ಲಿಂದ ಬರುತ್ತಾಳೆ ಎಂದು ಕೇಳಿದರು. ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ. "ಹಂಗಾರೆ ಕುಂತ್ಕೊ," ಎಂದು ಚಹಾ ತರಿಸಿದರು.

ಹನ್ನೊಂದಾಯಿತು. ಶಾಲೆ ಶುರುವಾದ ಮೇಲೆ ಜೂನ್ ಮಧ್ಯದಲ್ಲಿ ನಮ್ಮ ಅಂಗಡಿಗೆ ಯಾರು ಬರುತ್ತಾರೆ? ಹನ್ನೊಂದೂವರೆ. ಇನ್ನೊಂದು ಚಹಾ. ಯಂತ್ರ ನಿನ್ನೆಯಂತೆ ಮತ್ತೆ ಕೆಟ್ಟರೆ? ಮನಸ್ಸು ಜಗಳೂರಿನ ಶಾಲೆಯ ಗೇಟಿನ ಹತ್ತಿರ ಹೋಗಿ ನಿಂತಿತು. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಫೋನು ಬಡಿದುಕೊಂಡಿತು.

"ಬಂತು ಕಣೇ!" ಅತ್ತೆಯ ದನಿ ಅಂಗಡಿಯವರಿಗೆಲ್ಲ ಕೇಳಿಸಿತು. "ಕತ್ತಲಗೆರೆಯ ಅಜ್ಜಿ, ಮೊಮ್ಮಗನ ಬ್ಯಾಗಿನ ಜಿಪ್ಪು ಹಾಕಿಸ್ಕಂಡು ಹೋದ್ಲು. ಅರವತ್ತು ರೂಪಾಯಿ. ಉಜ್ಜು!"

ಉಜ್ಜಿದೆ. ಚೀಟಿ ಹೊರಬಂತು. ವ್ಯಾಪಾರಿ, ಗುಮಾಸ್ತರು, ಥಾನು ಹೊರುವವರು, ಎಲ್ಲರೂ ಅದನ್ನು ಒಂದೊಂದು ಸಲ ನೋಡಿದರು. ಒಟ್ಟು 1,50,300.

ಜುಲೈ 7ರ ಸೋಮವಾರ ಬಿಲ್ಲನ್ನು ಪೂರ್ತಿ ಕಟ್ಟಿದೆ. ಆಗಸ್ಟ್ 6ರಂದು ಬೋನಸ್ಸು ಬಂತು. ಶುಕ್ರವಾರ ಬಂದಿದ್ದರೆ ಅತ್ತೆಗೆ ಇನ್ನೂ ಖುಷಿಯಾಗುತ್ತಿತ್ತು, ಅದು ಬಂದದ್ದು ಬುಧವಾರ. ಶುಲ್ಕ 1,180, ಬಿಳಿ ಬಟ್ಟೆಯ ಮೂಟೆಗೆ ಹೆಚ್ಚುವರಿ ಲಾರಿ ಬಾಡಿಗೆ ಮುನ್ನೂರು ಕಳೆದು ಉಳಿದದ್ದು 8,520. ಮಾರನೆಯ ದಿನವೇ ನ್ಯಾಮತಿಗೆ ಹೋದೆವು. ಹಿರಿಯ ದರ್ಜಿ ಯಂತ್ರಕ್ಕೆ ಎಣ್ಣೆ ಹಾಕಿ, ಒರೆಸಿ, ಹಳೆಯ ಸೀರೆ ಹೊದಿಸಿ ಇಟ್ಟಿದ್ದರು. "ಇಬ್ರು ಬಂದು ಕೇಳಿದ್ರು ತಾಯಿ. ಚೌತಿ ತನಕ ಮಾತು ಕೊಟ್ಟೀನಿ ಅಂದೆ," ಎಂದರು ಅತ್ತೆಗೆ. ಉಳಿದ ಐನೂರಾ ಇಪ್ಪತ್ತರಲ್ಲಿ ಅತ್ತೆ ಅವರಿಗೊಂದು ಪಂಚೆ ತಂದಿದ್ದರು. ನನ್ನ ಲೆಕ್ಕದಲ್ಲಿ ಅದಿರಲಿಲ್ಲ. ಆಮೇಲೆ ಸೇರಿಸಿಕೊಂಡೆ.

ಯಂತ್ರ ಬಂತೆಂದು ತಿಳಿಸಿದ ಸಂಜೆಯೇ ಹೆಡ್ಮಿಸ್ಸು ಬಿಳಿಯ ಆರ್ಡರು ಕೊಟ್ಟರು. ಮೊದಲ ಕಾಜಾ ಜಗಳೂರಿನ ಬಿಳಿ ಅಂಗಿಯ ಮೇಲೆ ಬಿತ್ತು. ಮಾಸ್ತರು ಅದನ್ನು ಕಿಟಕಿಗೆ ಹಿಡಿದು, ಗುಂಡಿ ತೂರಿಸಿ ತೆಗೆದು, "ದಾವಣಗೆರೆದಕ್ಕಿಂತ ಬಿಗಿ ಐತೆ," ಎಂದರು. ಎರಡನೆಯದನ್ನು ನಾನು ಹಾಕಿದೆ. ಸ್ವಲ್ಪ ಸೊಟ್ಟ. ಆ ಅಂಗಿಯನ್ನು ಶಾಲೆಗೆ ಕಳಿಸಲಿಲ್ಲ, ಲೆಕ್ಕದ ಮೇಜಿನ ಹಿಂದೆ ಮೊಳೆಗೆ ತೂಗುಹಾಕಿದ್ದೇನೆ.

ಇನ್ನೂ ಗೊತ್ತಾಗದ್ದು ಎರಡಿವೆ. ಬರುವ ಏಪ್ರಿಲಿನಲ್ಲಿ ಕಾರ್ಡಿಗೆ ಎರಡನೇ ವರ್ಷದ ಶುಲ್ಕ ಬೀಳುತ್ತದೆ. ಅದಕ್ಕೆ ಮೊದಲೇ ಕಾರ್ಡು ನಿಲ್ಲಿಸಿದರೆ ಕೊಟ್ಟ ಬೋನಸ್ಸನ್ನು ಬ್ಯಾಂಕಿನವರು ಮರಳಿ ಕೇಳಬಹುದೇ? ಮಂಜೂರಾದ ದಿನದಿಂದ ಎಣಿಸುವುದು ಎಲ್ಲ ಬ್ಯಾಂಕುಗಳ ಪದ್ಧತಿಯೇ, ಇವರದು ಮಾತ್ರವೇ? ಸಹಾಯವಾಣಿಯಲ್ಲಿ ಇಬ್ಬರು ಎರಡು ಉತ್ತರ ಕೊಟ್ಟರು. ಅನುಭವದಿಂದ ತಿಳಿದವರು ದಯವಿಟ್ಟು ಬರೆದು ತಿಳಿಸಿ. ಮಂಗಳವಾರ, ಶುಕ್ರವಾರ ತಲುಪಿದರೂ ತೊಂದರೆಯಿಲ್ಲ. ಆ ದಿನಗಳಲ್ಲಿ ನಮ್ಮ ಅಂಗಡಿಗೆ ಏನು ಬಂದರೂ ಅತ್ತೆ ಎದ್ದು ನಿಂತು ತೆಗೆದುಕೊಳ್ಳುತ್ತಾರೆ.